ಹೊಸ್ತಿಲಿಗೆ ಹೊಡೆದ ಮೊಳೆಗಳು

ಮೊದಲು ಗರಗರ ಎಂಬ ಸದ್ದು, ಕಬ್ಬಿಣದ ಮೇಲೆ ಕಬ್ಬಿಣ ಉಜ್ಜುವಂಥದ್ದು. ಹಿಂದಿನ ಕೋಣೆಯಿಂದ, ಮುಚ್ಚಿದ ಬಾಗಿಲಿನ ಆಚೆಯಿಂದ, ನಿಂತು ನಿಂತು ಬರುತ್ತಿತ್ತು. ಆಮೇಲೆ ಬಾಗಿಲು ತೆರೆದ ಸದ್ದು, ನಡುಮನೆ ದಾಟುವ ಹೆಜ್ಜೆ, ಕೊನೆಗೆ ಬೀದಿಬಾಗಿಲ ಹತ್ತಿರ ಸುತ್ತಿಗೆ. ಏಟು ಜೋರಾಗೇನೂ ಇರಲಿಲ್ಲ. ಮರಕ್ಕೆ ಬಿದ್ದ ಏಟು ಗೋಡೆಯೊಳಗೆ ಓಡಿ ಬಂದು ಅಡುಗೆಮನೆಯ ತಾಮ್ರದ ಹಂಡೆಯಲ್ಲಿ ಸಣ್ಣಗೆ ಗುಂಯ್ ಎನ್ನುತ್ತಿತ್ತು. ನಾನು ಆ ಹಂಡೆಗೆ ಬೆನ್ನು ಒರಗಿಸಿಕೊಂಡು ಕೂತಿದ್ದೆ. ಅಮ್ಮನನ್ನು ಅವತ್ತು ಬೆಳಿಗ್ಗೆ ಸುಟ್ಟು ಬಂದಿದ್ದರು. ಅವಳು ಮತ್ತೆ ಮನೆಯೊಳಗೆ ಕಾಲಿಡಬಾರದೆಂದು ಸಂಜೆ ನನ್ನ ಅಪ್ಪ ಹೊಸ್ತಿಲಿಗೆ ಮೊಳೆ ಹೊಡೆಯುತ್ತಿದ್ದರು.

ಇದನ್ನು ಬರೆಯುವ ಹೊತ್ತಿಗೆ ನನಗೆ ಎಪ್ಪತ್ತು ದಾಟಿ ಎಷ್ಟೋ ಆಯಿತು. ಸ್ಯಾನ್ ಮಟಿಯೋದಲ್ಲಿ ಮಗಳ ಮನೆಯ ಡೈನಿಂಗ್ ಟೇಬಲ್ಲಿನ ಮುಂದೆ ಕೂತಿದ್ದೇನೆ. ಎದುರಿಗಿಟ್ಟ ಟೀ ಆರಿದೆ. ಸಿಟ್ಟು ಆರಿಲ್ಲ. ವಯಸ್ಸಾದರೆ ಮನಸ್ಸು ಮಾಗುತ್ತದೆ ಎಂದು ಇಲ್ಲಿಯ ಸೀನಿಯರ್ ಸೆಂಟರಿನಲ್ಲಿ ಒಬ್ಬಳು ಕೌನ್ಸೆಲರ್ ನಗುನಗುತ್ತಾ ಹೇಳುತ್ತಾಳೆ. ಅವಳಿಗೆ ಮೂವತ್ತು ವರ್ಷವೂ ಇರಲಿಕ್ಕಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ಯೆಸ್ ಡಿಯರ್ ಎಂದು ಸುಮ್ಮನಾಗುತ್ತೇನೆ.

ನಮ್ಮ ಮನೆ ಮೈಸೂರಿನ ಹಳೆಯ ಕೇರಿಯೊಂದರಲ್ಲಿ, ಜಟಕಾ ಸ್ಟ್ಯಾಂಡಿಗೆ ಎದುರಾಗಿತ್ತು. ಬೀದಿಗೆ ಜಗಲಿ, ದಾಟಿದರೆ ನಡುಮನೆ, ಅದರ ಎಡಕ್ಕೆ ಅಜ್ಜಿಯ ಕತ್ತಲೆ ಕೋಣೆ, ಹಿಂದೆ ಅಡುಗೆಮನೆ, ಬಚ್ಚಲು, ಬಾವಿ. ಬಾವಿಯ ಪಕ್ಕದ ಸಣ್ಣ ಕೋಣೆ ಅಪ್ಪನದು. ಅವರನ್ನು ನಾವು ಅಣ್ಣ ಎಂದು ಕರೆಯುತ್ತಿದ್ದೆವು. ಆಗ ನಮ್ಮಂಥ ಮನೆಗಳಲ್ಲಿ ಅಪ್ಪನನ್ನು ಹಾಗೆ ಕರೆಯುವುದೇ ರೂಢಿ. ಅಣ್ಣ ಹೈಸ್ಕೂಲಿನಲ್ಲಿ ಸೈನ್ಸ್ ಮೇಷ್ಟರು. ಆ ಕೋಣೆಯಲ್ಲಿ ಕಬ್ಬಿಣವನ್ನು ಕಚ್ಚಿ ಹಿಡಿಯಲು ಬೆಂಚಿಗೆ ಬಿಗಿದ ಒಂದು ವೈಸು, ಎರಡು ಮೂರು ಗರಗಸ, ರಿಪೇರಿಗೆ ಬಂದು ವಾಪಸು ಹೋಗದ ಗಡಿಯಾರಗಳು. ಅಜ್ಜಿ ನಶ್ಯ ಹಾಕುತ್ತಿದ್ದಳು. ಖಾಲಿಯಾದ ನಶ್ಯದ ಡಬ್ಬಿಗಳನ್ನೆಲ್ಲ ಅಣ್ಣ ತೊಳೆದು ಒಣಗಿಸಿ, ಒಂದರಲ್ಲಿ ಸ್ಕ್ರೂ, ಒಂದರಲ್ಲಿ ವಾಷರು, ಒಂದರಲ್ಲಿ ಮುರಿದ ಸೂಜಿ ಹೀಗೆ ಜೋಡಿಸಿಡುತ್ತಿದ್ದರು. ಕಬ್ಬಿಣದ ಯಾವ ಚೂರನ್ನೂ ಎಸೆದವರಲ್ಲ. ಏನನ್ನೇ ಆಗಲಿ ಪ್ರೂಫ್ ಇಲ್ಲದೆ ನಂಬಬಾರದು ಎಂದು ನನಗೆ ಊಟಕ್ಕೆ ಕೂತಾಗಲೂ ಪಾಠ ಹೇಳುತ್ತಿದ್ದ ಮನುಷ್ಯ. ಅದನ್ನು ನೆನೆದಾಗ ನನಗೆ ಈಗಲೂ ಹಲ್ಲು ಕಚ್ಚುವ ಹಾಗಾಗುತ್ತದೆ.

ಅಮ್ಮನ ಜಾಗ ಹೊಸ್ತಿಲು. ಅಡುಗೆಮನೆ ಅಜ್ಜಿಯ ರಾಜ್ಯ, ನಡುಮನೆ ಬಂದುಹೋಗುವವರದು, ಹಿಂದಿನ ಕೋಣೆ ಅಣ್ಣನದು. ಆ ಮನೆಯಲ್ಲಿ ಅವಳದೆಂದು ಇದ್ದದ್ದು ಅದೊಂದು ತೇಗದ ಹಲಗೆ ಮಾತ್ರ. ಬೆಳಿಗ್ಗೆ ಅದನ್ನು ತೊಳೆದು ಅರಿಶಿನ ಬಳಿದು ರಂಗೋಲಿ ಎಳೆಯುವವಳು ಅವಳು. ಮಧ್ಯಾಹ್ನ ಕೆಲಸ ಮುಗಿಸಿ, ಒಂದು ಕಾಲು ಒಳಗೆ, ಒಂದು ಕಾಲು ಜಗಲಿಯ ಮೇಲೆ ಇಟ್ಟು, ಬಾಗಿಲವಾಡಕ್ಕೆ ಒರಗಿ ನಿಂತುಬಿಡುವಳು. ಎದುರಿಗೆ ಕುದುರೆಗಳಿಗೆ ಲಾಳ ಕಟ್ಟುವುದನ್ನು ನಾವಿಬ್ಬರೂ ನೋಡುತ್ತಿದ್ದೆವು. ಕಾಲು ಮಡಿಸಿ ಹಿಡಿದು, ಗೊರಸನ್ನು ಸವರಿ, ಲಾಳ ಇಟ್ಟು ಮೊಳೆ ಹೊಡೆದರೆ ಅದರ ತುದಿ ಗೊರಸಿನ ಪಕ್ಕದಿಂದ ಹೊರಗೆ ಇಣುಕುತ್ತಿತ್ತು. ಅದನ್ನು ಇಕ್ಕಳದಲ್ಲಿ ತಿರುಚಿ ಮುರಿದು, ಉಳಿದದ್ದನ್ನು ಬಗ್ಗಿಸಿ ಕೂರಿಸುವರು. ಕೆಲವು ದಿನ ಎತ್ತುಗಳೂ ಬರುತ್ತಿದ್ದವು. ಕುದುರೆಗೆ ನೋವಾಗಲ್ವಾ ಎಂದು ನಾನು ಕೇಳಿದರೆ, ಅದು ಉಗುರು ಕಣೇ ಪುಟ್ಟಿ, ಉಗುರಿಗೇನು ನೋವು ಎಂದು ನನ್ನ ಉಗುರನ್ನು ಮೆಲ್ಲಗೆ ಕಚ್ಚುವಳು. ಒಳಗಿನಿಂದ ಅಜ್ಜಿಯ ದನಿ ಬರುತ್ತಿತ್ತು.

"ಹೊಸ್ತಿಲ ಮೇಲೆ ನಿಂತ್ಕೋಬೇಡ ಅಂತ ಎಷ್ಟು ಸಲ ಹೇಳೋದು ನಿಂಗೆ? ಒಳಗಿರು, ಇಲ್ಲ ಹೊರಗಿರು."

"ಒಳಗೆ ಒಲೆ, ಹೊರಗೆ ಬಿಸ್ಲು. ಗಾಳಿ ಬರೋದು ಇಲ್ಲೊಂದೇ ಕಡೆ ಅತ್ತೆ."

"ಎಲ್ಲದಕ್ಕೂ ಒಂದು ಉತ್ತರ ಇಟ್ಕೊಂಡಿರ್ತೀಯ."

"ನೀವು ಕೇಳ್ತೀರಲ್ಲ, ಅದಕ್ಕೆ."

ನನಗೆ ತಮ್ಮನೋ ತಂಗಿಯೋ ಬರುವುದಿತ್ತು. ನೋವು ಶುರುವಾದ ಮೇಲೆ ಸೂಲಗಿತ್ತಿ ಬಂದು, ಇದು ನನ್ನ ಕೈಲಾಗಲ್ಲ, ಆಸ್ಪತ್ರೆಗೆ ಕರ್ಕೊಂಡ್ಹೋಗಿ ಎಂದಳು. ಅಣ್ಣ ಎದುರಿನಿಂದ ಜಟಕಾ ಕರೆತಂದರು. ಅಮ್ಮ ನಡುಮನೆಯಿಂದ ಗೋಡೆ ಹಿಡಿದುಕೊಂಡು ಬಂದವಳು ಹೊಸ್ತಿಲ ಮೇಲೆ ನಿಂತಳು, ಬಾಗಿಲವಾಡವನ್ನು ಎರಡೂ ಕೈಯಲ್ಲಿ ಹಿಡಿದು, ಉಸಿರು ತೆಗೆದುಕೊಳ್ಳುವುದಕ್ಕೆ. ಅವತ್ತು ಅಜ್ಜಿ ಏನೂ ಅನ್ನಲಿಲ್ಲ. ಅಮ್ಮ ನನ್ನನ್ನು ನೋಡಿದಳು.

"ಗೊಜ್ಜವಲಕ್ಕಿಗೆ ಅವಲಕ್ಕಿ ನೆನೆ ಹಾಕಿದೀನಿ ಪುಟ್ಟಿ. ನೀರು ಬಸಿಯೋಕೆ ಅಜ್ಜಿಗೆ ಹೇಳು. ಬರ್ತೀನಿ."

ಬರ್ತೀನಿ ಎಂದಳು. ನಮ್ಮಲ್ಲಿ ಹೋಗುವವರು ಹೋಗುತ್ತೇನೆ ಎನ್ನುವುದಿಲ್ಲ ಎನ್ನುವುದು ನನಗೂ ಗೊತ್ತಿತ್ತು, ಆದರೆ ಆ ವಯಸ್ಸಿನ ಮಗುವಿಗೆ ಅಮ್ಮ ಹೇಳಿದ್ದೆಲ್ಲ ಮಾತು ಕೊಟ್ಟ ಹಾಗೆ. ಅವಲಕ್ಕಿಯ ವಿಷಯ ನಾನು ಹೇಳಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಅದು ಪಾತ್ರೆಯಲ್ಲೇ ಉಬ್ಬಿ, ಹುಳಿಯಾಗಿ, ಮಾರನೆಯ ದಿನ ಅಮ್ಮ ಬಿಳಿ ಬಟ್ಟೆ ಸುತ್ತಿಸಿಕೊಂಡು ಮನೆಯ ಮುಂದೆ ಬಂದಾಗಲೂ ಅಡುಗೆಮನೆಯ ಮೂಲೆಯಲ್ಲಿ ಹಾಗೇ ಇತ್ತು. ಮಗುವೂ ಉಳಿದಿರಲಿಲ್ಲ. ಹೆರಿಗೆಯಲ್ಲಿ ಸತ್ತವಳನ್ನು ಒಳಗೆ ತರುವುದಿಲ್ಲವೆಂದು ಅವಳನ್ನು ಬೀದಿಯಲ್ಲೇ ಮಲಗಿಸಿದ್ದರು. ದಿನಾ ತಾನೇ ತೊಳೆಯುತ್ತಿದ್ದ ಹೊಸ್ತಿಲಿನ ಆಚೆ. ನನ್ನನ್ನು ಕಿಟಕಿಯ ಹತ್ತಿರಕ್ಕೂ ಬಿಡಲಿಲ್ಲ.

ಸುಟ್ಟು ಬಂದು ಸ್ನಾನ ಮಾಡಿ ಕೂತಿದ್ದ ಅಣ್ಣನಿಗೆ ಅಜ್ಜಿ ಹೇಳಿದ್ದನ್ನು ನಾನು ಅಡುಗೆಮನೆಯಿಂದಲೇ ಕೇಳಿಸಿಕೊಂಡೆ.

"ಹೆರಿಗೇಲಿ ಹೋದೋಳು ಸುಮ್ನೆ ಹೋಗಲ್ಲ ಕಣೋ. ಈ ಹುಡುಗೀನ ಕರ್ಕೊಂಡು ಹೋಗೋಕೆ ಬಂದೇ ಬರ್ತಾಳೆ. ಕುದುರೆ ಕಾಲಿಂದ ಕಿತ್ತ ಮೊಳೆ ತಗೊಂಬಾ, ಓಡಿರೋ ಕುದುರೇದೇ ಆಗ್ಬೇಕು. ಹೊಸ್ತಿಲಿಗೆ ಹೊಡಿ."

"ಅಮ್ಮಾ, ಇವೆಲ್ಲಾ ಏನು ನೀನು..."

"ನಿನ್ನ ಸೈನ್ಸು ಸ್ಕೂಲಲ್ಲಿಟ್ಕೋ. ನಾಳೆ ಇವಳಿಗೂ ಜ್ವರ ಬಂದ್ರೆ ನಿನ್ನ ಸೈನ್ಸು ಬಂದು ಪಕ್ಕದಲ್ಲಿ ಕೂತ್ಕೊಳತ್ತಾ?"

ಅಣ್ಣ ಎದ್ದುಹೋದರು. ಎದುರಿನ ಸ್ಟ್ಯಾಂಡಿನಿಂದ ಕಾಗದದ ಪೊಟ್ಟಣದಲ್ಲಿ ಹಳೆಯ ಮೊಳೆಗಳನ್ನು ತಂದರು. ಯಾವ ಕುದುರೆಯದೆಂದು ನಾನು ಕೇಳಲಿಲ್ಲ. ಅಮ್ಮನನ್ನು ಕರೆದುಕೊಂಡು ಹೋದ ಕುದುರೆಯದೇ ಎಂದು ನನಗೆ ನಾನೇ ತೀರ್ಮಾನಿಸಿಕೊಂಡೆ. ಅಣ್ಣ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಆಗ ಆ ಗರಗರ ಸದ್ದು. ಮೊಳೆಯ ತುದಿಯನ್ನು ಅರದಲ್ಲಿ ಉಜ್ಜಿ ಚೂಪು ಮಾಡುತ್ತಿದ್ದಾರೆ ಎಂದುಕೊಂಡೆ. ಅಮ್ಮನನ್ನು ಇನ್ನೂ ಗಟ್ಟಿಯಾಗಿ ಆಚೆ ನಿಲ್ಲಿಸುವುದಕ್ಕೆ. ಅಜ್ಜಿ ಹೊಡೆ ಎಂದದ್ದಷ್ಟೇ, ಚೂಪು ಮಾಡು ಎಂದಿರಲಿಲ್ಲ. ಅಷ್ಟು ಮುತುವರ್ಜಿ ಅವರದೇ. ಹಂಡೆ ಗುಂಯ್ ಎಂದಾಗಲೆಲ್ಲ ನನ್ನ ಬೆನ್ನು ನಡುಗಿತು. ಅಜ್ಜಿಯನ್ನು ನಾನು ಯಾವತ್ತೋ ಕ್ಷಮಿಸಿದೆ, ಆಕೆ ನಂಬಿದ್ದಳು, ಹೆದರಿದ್ದಳು. ನಂಬದೆಯೂ ಸುತ್ತಿಗೆ ಹಿಡಿದವರ ಮೇಲೆಯೇ ನನ್ನ ಸಿಟ್ಟು.

ಅವತ್ತಿನಿಂದ ಮನೆಯಲ್ಲಿ ಎಲ್ಲರೂ ಹೊಸ್ತಿಲನ್ನು ದಾಟುವ ರೀತಿ ಬದಲಾಯಿತು. ತಪ್ಪಿಯೂ ಮೊಳೆಯನ್ನು ತುಳಿಯಬಾರದೆಂದು ಸೀರೆಯನ್ನೋ ಪಂಚೆಯನ್ನೋ ಎತ್ತಿ ಹಿಡಿದು, ಕಾಲನ್ನು ಅಗತ್ಯಕ್ಕಿಂತ ಎತ್ತರಕ್ಕೆ ಎತ್ತಿ, ಕೆಸರು ದಾಟುವವರ ಹಾಗೆ ದಾಟುತ್ತಿದ್ದರು. ಅಣ್ಣನೂ ಹಾಗೇ. ಸ್ಕೂಲಿಗೆ ಹೊರಟ ಸೈನ್ಸ್ ಮೇಷ್ಟರು, ಕೋಟು, ಪೇಟ, ಕೈಯಲ್ಲಿ ಛತ್ರಿ, ಪಂಚೆಯ ತುದಿ ಎತ್ತಿ ಹಿಡಿದು ಕೊಕ್ಕರೆಯ ಹಾಗೆ ಒಂದು ಹೆಜ್ಜೆ. ನೋಡಿದರೆ ನನಗೆ ನಗು ಬರಬೇಕಿತ್ತು.

ನಮ್ಮ ಕಾನ್ವೆಂಟಿನ ಚಾಪಲ್ಲಿನಲ್ಲಿ ಮರದ ದೊಡ್ಡ ಶಿಲುಬೆ. ಕೈಗೂ ಕಾಲಿಗೂ ಹೊಡೆದ ಮೊಳೆಗಳ ಸುತ್ತ ಕೆಂಪು ಬಣ್ಣ. ಅಲ್ಲಿಯವರೆಗೆ ಅದನ್ನು ನಾನು ದಿನಾ ನೋಡಿದ್ದೆ, ಮೊಳೆಗಳನ್ನು ಮಾತ್ರ ನೋಡಿರಲಿಲ್ಲ. ಸಿಸ್ಟರ್ ಆಗ್ನೆಸ್ ನಮಗೆ ಮಾರಲ್ ಸೈನ್ಸ್ ತೆಗೆದುಕೊಳ್ಳುತ್ತಿದ್ದರು, ತುಂಬಾ ಸ್ಟ್ರಿಕ್ಟು, ಪ್ರಶ್ನೆ ಕೇಳುವುದಕ್ಕೂ ಇಂಗ್ಲಿಷಿನಲ್ಲೇ ಬಾಯಿ ತೆರೆಯಬೇಕು.

"ಸಿಸ್ಟರ್, ಇಫ್ ವಿ ಟೇಕ್ ಔಟ್ ದಿ ನೇಲ್ಸ್, ವಿಲ್ ಹೀ ಕಮ್?"

"ದೇ ಡಿಡ್ ಟೇಕ್ ದೆಮ್ ಔಟ್, ಚೈಲ್ಡ್. ಅಂಡ್ ಹೀ ಕೇಮ್ ಬ್ಯಾಕ್. ಆನ್ ದಿ ಥರ್ಡ್ ಡೇ."

ಮೊಳೆ ಕಿತ್ತರು, ವಾಪಸು ಬಂದ. ನನಗೆ ಇನ್ನೇನು ಬೇಕಿತ್ತು. ಅಣ್ಣ ಹೇಳುವ ಪ್ರೂಫು ಸಿಕ್ಕಿದ ಹಾಗಾಯಿತು.

ಒಂದು ಮಧ್ಯಾಹ್ನ ಅಜ್ಜಿ ಮಲಗಿದ ಮೇಲೆ ಅಡುಗೆಮನೆಯ ಇಕ್ಕಳ ತಂದು ಹೊಸ್ತಿಲ ಮುಂದೆ ಕೂತೆ. ಮೊಳೆಯ ತಲೆ ಮರದಿಂದ ಸ್ವಲ್ಪ ಮೇಲಕ್ಕಿತ್ತು, ಅರಿಶಿನ ಮೆತ್ತಿತ್ತು. ಹಿಡಿದು ಅಲ್ಲಾಡಿಸಿದರೆ, ಬೀಳುವ ಹಾಲುಹಲ್ಲಿನ ಹಾಗೆ, ಸುಲಭವಾಗಿ ಎದ್ದು ಬಂತು. ಅಮ್ಮನೇ ಆಚೆಯಿಂದ ತಳ್ಳುತ್ತಿದ್ದಾಳೆ ಎನ್ನಿಸಿ ನನ್ನ ಮೈಯೆಲ್ಲ ಬಿಸಿಯಾಯಿತು. ಎರಡನೆಯದಕ್ಕೆ ಇಕ್ಕಳ ಇಡುವಷ್ಟರಲ್ಲಿ ಬೀಸಣಿಗೆಯ ಹಿಡಿ ಬೆನ್ನ ಮೇಲೆ ಬಿತ್ತು.

"ಅಯ್ಯೋ ಮಾರಿ, ನಿನಗೋಸ್ಕರನೇ ಕಣೇ ಹೊಡೆಸಿರೋದು. ನೀನೇ ಕೀಳ್ತಾ ಕೂತಿದ್ದೀಯಾ?"

ಅಜ್ಜಿ ಹೊಡೆದಳು, ಹೊಡೆಯುತ್ತಾ ತಾನೇ ಅತ್ತಳು. ಸಂಜೆ ಅಣ್ಣ ಬಂದು ಹೊಸ್ತಿಲ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಆ ತೂತನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಎಲ್ಲಿ ಮೊಳೆ?"

"ಬಾವಿಗೆ ಹಾಕ್ದೆ."

ಸುಳ್ಳು. ಅದು ನನ್ನ ಕಂಪಾಸ್ ಬಾಕ್ಸಿನಲ್ಲಿತ್ತು.

"ಹೋಗ್ಲಿ ಬಿಡು. ಮಿಕ್ಕಿದ್ದನ್ನ ಮುಟ್ಬೇಡ. ಯಾರಿಗೂ ಮುಟ್ಟೋಕೆ ಬಿಡ್ಬೇಡ."

ಹಾಗೆಂದು ಕಪ್ಪು ಅರಗನ್ನು ಕಾಯಿಸಿ ತಂದು ಆ ತೂತಿಗೆ ತುಂಬಿ, ಹೆಬ್ಬೆರಳಿನಿಂದ ಒತ್ತಿ, ದೂರದಿಂದ ನೋಡಿದರೆ ಮೊಳೆಯ ತಲೆಯಂತೆಯೇ ಕಾಣುವ ಹಾಗೆ ಮಾಡಿದರು. ಅಮ್ಮನಿಗೆಂದು ನಾನು ತೆರೆದ ಸಣ್ಣ ಕಿಂಡಿಯನ್ನೂ ಮುಚ್ಚಿದರು. ಆಮೇಲೆ ನಾನು ಕಾದೆ. ಸ್ಕೂಲಿನಿಂದ ಬಂದವಳೇ ಬೀದಿಬಾಗಿಲು ತೆರೆದಿಡುವುದು, ಅಜ್ಜಿ ಬಂದು ಮುಚ್ಚುವುದು, ಮತ್ತೆ ನಾನು ತೆರೆಯುವುದು. ಅಮ್ಮ ಬರಲಿಲ್ಲ. ಉಳಿದ ಮೊಳೆಗಳು ಅವಳನ್ನು ಬಿಡುತ್ತಿಲ್ಲ ಎನ್ನುವುದೊಂದೇ ನನಗೆ ಅರ್ಥವಾಗುತ್ತಿದ್ದ ಕಾರಣ. ಕೆಲವು ದಿನ ಅದಕ್ಕಿಂತ ಕೆಟ್ಟದ್ದೂ ಹೊಳೆಯುತ್ತಿತ್ತು, ಒಂದು ಮೊಳೆಯಷ್ಟು ಜಾಗ ಸಾಕಿತ್ತು, ಬೇಕೆಂದೇ ಅವಳು ಬರಲಿಲ್ಲ ಎಂದು. ಮಗುವಿನ ತಲೆಯಲ್ಲಿ ಇಂಥದ್ದನ್ನು ಹುಟ್ಟಿಸಿದವರಿಗೆ ಯಾವ ಶಿಕ್ಷೆ ಎಂದು ಯಾರ ಮಾರಲ್ ಸೈನ್ಸಿನಲ್ಲೂ ಬರೆದಿಲ್ಲ.

ವರ್ಷ ತುಂಬುವ ಮೊದಲೇ ಚಿಕ್ಕಮ್ಮ ಬಂದಳು. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿದ್ದರು. ಬಲಗಾಲಿನಿಂದ ಒದ್ದು ಒಳಗೆ ಬಂದಾಗ ಅಕ್ಕಿ ಮೊಳೆಗಳ ಸುತ್ತ ಚೆಲ್ಲಿತು. ಒಳ್ಳೆಯ ಹೆಂಗಸು, ನನ್ನ ತಲೆ ಬಾಚಿ ಊಟ ಹಾಕಿ ಸಾಕಿದಳು, ಅವಳ ಮೇಲೆ ನನಗೆ ಏನೂ ಇಲ್ಲ. ಶುಕ್ರವಾರ ಅವಳೂ ಆ ಮೊಳೆಗಳ ತಲೆಗೆ ಕುಂಕುಮ ಇಡುತ್ತಿದ್ದಳು, ಅವು ಯಾವುದಕ್ಕೆ ಇವೆ ಎಂದು ಯಾರೂ ಅವಳಿಗೆ ಹೇಳಿದ ಹಾಗಿರಲಿಲ್ಲ. ನಾನು ಅಣ್ಣನನ್ನು ಅಣ್ಣ ಎಂದು ಕರೆಯುವುದನ್ನು ನಿಲ್ಲಿಸಿದೆ. ಜಗಳ ಆಡಲಿಲ್ಲ, ಮಾತೂ ಬಿಡಲಿಲ್ಲ. ಊಟಕ್ಕೆ ಬರ್ಬೇಕಂತೆ, ಫೀಸು ಕಟ್ಬೇಕಂತೆ, ಯಾರೋ ಬಂದಿದ್ದಾರೆ. ಒಂದೇ ಮನೆಯಲ್ಲಿ ಒಬ್ಬರನ್ನು ಏನೂ ಕರೆಯದೆ ಒಂದು ಇಡೀ ಬಾಳು ಮಾತಾಡಬಹುದು. ನಾನು ಆಡಿ ತೋರಿಸಿದ್ದೇನೆ. ಅವರು ಒಮ್ಮೆಯೂ ಯಾಕೆ ಎಂದು ಕೇಳಲಿಲ್ಲ.

ಮದುವೆಯಾಗಿ ಅಮೆರಿಕಕ್ಕೆ ಬಂದಾಗ ಆ ಮೊಳೆ ಕಂಪಾಸ್ ಬಾಕ್ಸಿನಿಂದ ನನ್ನ ಹೊಲಿಗೆಯ ಬಿಸ್ಕತ್ತಿನ ಡಬ್ಬಿಗೆ ಬಂತು. ತುಕ್ಕು ಹಿಡಿದು, ಒಣಗಿದ ಲವಂಗ ದಪ್ಪಗಾದ ಹಾಗಾಯಿತು. ನನ್ನ ಗಂಡನಿಗೆ ತೋರಿಸಲಿಲ್ಲ. ಮಗಳು ಅನುಗೆ ತೋರಿಸಲಿಲ್ಲ. ಅವಳು ಇಲ್ಲೇ ಹುಟ್ಟಿದವಳು, ಕನ್ನಡ ಎಲ್ಲ ಅರ್ಥವಾಗುತ್ತದೆ, ಉತ್ತರ ಇಂಗ್ಲಿಷಿನಲ್ಲಿ ಬರುತ್ತದೆ.

ಅಳಿಯ ರಘು ಉಡುಪಿಯ ಕಡೆಯವನು. ವಾರವೆಲ್ಲ ಮೆನ್ಲೋ ಪಾರ್ಕಿನ ಆಫೀಸಿನಲ್ಲಿ ಸ್ಕ್ರೀನು ನೋಡುವುದು, ಶನಿವಾರ ಮೆಟಲ್ ಡಿಟೆಕ್ಟರು ಹೆಗಲಿಗೆ ಹಾಕಿಕೊಂಡು ಬೆಟ್ಟದಾಚೆ ಸಮುದ್ರದ ಕಡೆಯ ಹಳೆಯ ರ‍್ಯಾಂಚಿಗೆ ಹೋಗುವುದು. ಜಮೀನಿನವರು ಅಗೆಯಲು ಒಪ್ಪಿಗೆ ಕೊಟ್ಟಿದ್ದಾರೆ. ಅವನಿಗೆ ಚಿನ್ನ ಬೆಳ್ಳಿಯ ಹುಚ್ಚಿಲ್ಲ, ಕಬ್ಬಿಣದ್ದೇ ಹುಚ್ಚು. ಗೇಟಿನ ತಿರುಗಣಿ, ಒಲೆಯ ಕಾಲು, ಏನೆಂದೇ ಗೊತ್ತಾಗದ ಕೊಕ್ಕೆಗಳು. ತಂದು ಕಿಚನ್ ಕೌಂಟರಿನ ಮೇಲೆ ಹರಡುತ್ತಾನೆ, ತಟ್ಟಿ ಸದ್ದು ಕೇಳುತ್ತಾನೆ, ಅಡ್ಡ ನೋಡುತ್ತಾನೆ ಉದ್ದ ನೋಡುತ್ತಾನೆ. ದುಂಡಗಿನ ಮೊಳೆಯಾದರೆ ಈಚಿನದು, ನಾಲ್ಕು ಮೂಲೆ ಇದ್ದು ನಾಲ್ಕೂ ಕಡೆ ಸಣ್ಣಗಾಗುತ್ತಾ ಹೋದರೆ ಕೈಯಲ್ಲಿ ಬಡಿದದ್ದು. ಗರಾಜಿನಲ್ಲಿ ಪ್ಲಾಸ್ಟಿಕ್ ಟಬ್ಬಿಗೆ ವಾಷಿಂಗ್ ಸೋಡಾ ನೀರು ತುಂಬಿ, ಬ್ಯಾಟರಿ ಚಾರ್ಜರಿನ ವೈರು ಇಳಿಬಿಟ್ಟು, ತುಕ್ಕೆಲ್ಲ ಗುಳ್ಳೆಗುಳ್ಳೆಯಾಗಿ ಬಿಡುವಂತೆ ಮಾಡುತ್ತಾನೆ. ಒಮ್ಮೆ ಅರ್ಧಚಂದ್ರದಂಥ ತಗಡೊಂದನ್ನು ತಂದು, ಮುರಿದ ಕುದುರೆ ಲಾಳ ಎಂದ. ಆನ್‌ಲೈನ್ ಗ್ರೂಪಿನವರೂ ಹಾಗೇ ಅಂದಿದ್ದರಂತೆ.

"ಮುರಿದಿಲ್ಲ ಅದು. ಎತ್ತಿನ ಲಾಳ. ಗೊರಸು ಸೀಳಿರತ್ತಲ್ಲ, ಒಂದು ಕಾಲಿಗೆ ಎರಡು ತುಂಡು."

"ಅತ್ತೆ, ನೀವು ಇಷ್ಟು ದಿನ ಎಂತಕ್ಕೆ ಸುಮ್ಮನಿದ್ದದ್ದು ಮಾರಾಯ್ರೆ?"

ಆಮೇಲೆ ಸಿಕ್ಕಿದ ಕಬ್ಬಿಣವೆಲ್ಲ ಮೊದಲು ನನ್ನ ಮುಂದೆ. ನಮಗೆ ಮಾತಾಡಲು ಒಂದು ವಿಷಯ ಸಿಕ್ಕಿತೆಂದು ಅನುಗೂ ಖುಷಿ, ಕೌಂಟರಿನ ಮೇಲೆ ತುಕ್ಕಿನ ಕಲೆ ಬಿದ್ದಾಗ ಮಾತ್ರ ಇಬ್ಬರನ್ನೂ ಸೇರಿಸಿ ಬೈಯುತ್ತಾಳೆ. ಹೀಗಿರುವಾಗ ಒಂದು ಶನಿವಾರ ಅವನು ಇಡಿಯಾದ ಕುದುರೆ ಲಾಳ ತಂದ. ಮೊಳೆಗಳೂ ಅದರಲ್ಲೇ ಇದ್ದವು. ತೊಳೆದು ಎಣ್ಣೆ ಸವರಿ ಮಗುವನ್ನು ಎತ್ತಿಕೊಂಡ ಹಾಗೆ ಹಿಡಿದುಕೊಂಡು ಬಂದ.

"ಇದನ್ನು ನಮ್ಮ ಮೇನ್ ಡೋರಿಗೆ ಹೊಡೆಯುವ ಅತ್ತೆ. ಇಲ್ಲಿಯವರು ಲಕ್ಕಿ ಅಂತ ಹೇಳ್ತಾರೆ. ಅದರದ್ದೇ ಮೊಳೆಯಲ್ಲಿ ಹೊಡೆದ್ರೆ ಚಂದ ಕಾಣ್ತದೆ."

"ಬೇಡ."

"ಮೇಲೆ ಬೇಡ ಅಂದ್ರೆ ಕೆಳಗೆ ಹೊಸ್ತಿಲಿನ ಹತ್ರ..."

ನಾನು ಆ ಲಾಳವನ್ನು ಅವನ ಕೈಯಿಂದ ಕಿತ್ತು ಸಿಂಕಿಗೆ ಎಸೆದೆ. ಒಳಗಿದ್ದ ಲೋಟ ಒಡೆಯಿತು. ಅನು ಓಡಿ ಬಂದಳು.

"ಅಮ್ಮಾ, ವಾಟ್ ಈಸ್ ರಾಂಗ್ ವಿತ್ ಯೂ? ಇಟ್ಸ್ ಜಸ್ಟ್ ಎ ಹಾರ್ಸ್‌ಶೂ."

"ಈ ಮನೆ ಬಾಗಿಲಿಗೆ ಒಂದು ಮೊಳೆ ಬಿದ್ರೆ ನಾನು ಇಲ್ಲಿ ಇರೋಳಲ್ಲ. ಹೇಳ್ಬಿಟ್ಟಿದೀನಿ."

ಕೋಣೆಗೆ ಹೋಗಿ ಬಿಸ್ಕತ್ತಿನ ಡಬ್ಬಿ ತಂದು, ಆ ಮೊಳೆಯನ್ನು ಕೌಂಟರಿನ ಮೇಲೆ ಕುಕ್ಕಿ, ನಿಂತುಕೊಂಡೇ ಎಲ್ಲ ಹೇಳಿದೆ. ಹಂಡೆ, ಗರಗರ, ಸುತ್ತಿಗೆ, ಅರಗು. ಅನು ನನ್ನ ಕೈ ಹಿಡಿದುಕೊಂಡಳು. ಅವಳಿಗೆ ತನ್ನ ಅಜ್ಜಿ ಹೇಗೆ ಸತ್ತಳೆಂಬುದೇ ಅಲ್ಲಿಯವರೆಗೆ ಗೊತ್ತಿರಲಿಲ್ಲ. ರಘು ಮಾತ್ರ ಮೊಳೆಯನ್ನು ಎತ್ತಿ ಬೆಳಕಿಗೆ ಹಿಡಿದ. ನನಗೆ ಮತ್ತೆ ರೇಗಿತು, ಮನುಷ್ಯರ ಕಡೆ ನೋಡದೆ ಕಬ್ಬಿಣ ನೋಡುತ್ತಾನಲ್ಲ ಎಂದು.

"ಇದನ್ನು ಒಮ್ಮೆ ಕ್ಲೀನ್ ಮಾಡ್ಲಾ ಅತ್ತೆ?"

"ಮಾಡು. ಅದನ್ನ ಎಷ್ಟು ಚೂಪು ಮಾಡಿದ್ರು ಅಂತ ನೀನೂ ನೋಡು."

ಮಾರನೆಯ ದಿನ ಊಟದ ಹೊತ್ತಿಗೆ ಅವನು ಪೇಪರ್ ಟವೆಲ್ಲಿನ ಮೇಲೆ ಎರಡು ಮೊಳೆ ಇಟ್ಟ. ಒಂದು ಆ ರ‍್ಯಾಂಚಿನ ಲಾಳದ್ದು. ಇನ್ನೊಂದು ನನ್ನದು. ತುಕ್ಕು ಬಿಟ್ಟು ಕಪ್ಪಗೆ ನುಣ್ಣಗಾಗಿತ್ತು, ನನಗೆ ಗುರುತೇ ಸಿಗಲಿಲ್ಲ. ರ‍್ಯಾಂಚಿನ ಮೊಳೆ ನನ್ನದಕ್ಕಿಂತ ಬಹಳ ಉದ್ದ.

"ಎರಡೂ ಲಾಳದ ಮೊಳೆಯೇ, ತಲೆ ನೋಡಿ, ಒಂದೇ ರೀತಿ. ಬಳಸಿದ ಮೊಳೆಗೆ ಚೂಪು ತುದಿ ಇರುವುದಿಲ್ಲ, ಲಾಳ ಕಟ್ಟುವಾಗಲೇ ಮುರೀತಾರೆ. ನಿಮ್ಮದೂ ಹಾಗೆ ಮುರಿದದ್ದು ಅಂತಲೇ ನಾನು ಮೊದಲು ಅಂದುಕೊಂಡದ್ದು. ಆದ್ರೆ ತಿರುಚಿ ಮುರಿದದ್ದು ಹೀಗೆ ಒರಟಾಗಿ ಇರ್ತದೆ, ಕೆಳಗೆ ಬಾಗಿರ್ತದೆ. ನಿಮ್ಮದು ನೋಡಿ."

ಭೂತಗನ್ನಡಿ ಕೊಟ್ಟ. ನನ್ನ ಮೊಳೆಯ ತುದಿ ನೇರವಾಗಿ, ಕತ್ತರಿಸಿದ ಬಾಳೆದಿಂಡಿನ ಹಾಗೆ ಸಪಾಟಾಗಿತ್ತು. ಅದರ ಮೇಲೆ ಒಂದರ ಪಕ್ಕ ಒಂದು, ಕೂದಲೆಳೆಯಷ್ಟು ಸಣ್ಣ ಗೆರೆಗಳು.

"ಇದು ಚೂಪು ಮಾಡಿದ್ದಲ್ಲ ಅತ್ತೆ. ಕೊಯ್ದದ್ದು. ವೈಸಿಗೆ ಕಚ್ಚಿಸಿ ಗರಗಸದಲ್ಲಿ ಅರ್ಧಕ್ಕೆ ಕೊಯ್ದಿದ್ದಾರೆ. ಇಂಥ ಮೊಂಡು ತುಂಡು ತೇಗಕ್ಕೆ ಇಳಿಯುದಿಲ್ಲ, ಮೊದಲೇ ತೂತು ಮಾಡಿ ಕೂರಿಸಿರ್ಬೇಕು. ತಲೆ ಮಾತ್ರ ಕಾಣುವ ಹಾಗೆ. ಇದು ಎಂತದನ್ನೂ ಹಿಡಿದುಕೊಳ್ಳುದಿಲ್ಲ."

"ಸೋ ಹೀ ಫೇಕ್ಡ್ ಇಟ್," ಎಂದಳು ಅನು. "ಅಮ್ಮಾ, ಹೀ ಲೆಫ್ಟ್ ಇಟ್ ಓಪನ್ ಫಾರ್ ಹರ್."

ನಾನು ಆ ತುಂಡನ್ನು ಕೈಯಲ್ಲಿ ಹಿಡಿದು ಕೂತೆ. ಹಾಲುಹಲ್ಲಿನ ಹಾಗೆ ಎದ್ದು ಬಂದದ್ದು ಯಾಕೆಂದು ಗೊತ್ತಾಯಿತು. ಯಾರಿಗೂ ಮುಟ್ಟೋಕೆ ಬಿಡ್ಬೇಡ ಎಂದದ್ದು ಯಾಕೆಂದು ಗೊತ್ತಾಯಿತು. ತೂತಿಗೆ ಇನ್ನೊಂದು ಮೊಳೆ ಹೊಡೆಯದೆ ಅರಗು ತುಂಬಿದ್ದು, ಆ ಕೋಣೆಯ ಬಾಗಿಲು ಹಾಕಿಕೊಂಡದ್ದು. ಅನು ನನ್ನ ಮುಖದಲ್ಲಿ ಏನನ್ನೋ ಹುಡುಕುತ್ತಿದ್ದಳು, ಅತ್ತುಬಿಡಬಹುದು, ಹಗುರಾಗಬಹುದು ಎಂದೇನೋ. ಈಗ ನಿನಗೆ ಪೀಸ್ ಸಿಕ್ಕಿರಬೇಕಲ್ಲ ಅಮ್ಮಾ ಎಂದು ಆಮೇಲೂ ಕೇಳಿದಳು.

ಎಂಥ ಪೀಸು. ನನ್ನ ಸಿಟ್ಟು ದುಪ್ಪಟ್ಟಾಗಿದೆ. ಮೊದಲು ಬಾಗಿಲು ಮುಚ್ಚಿದರೆಂದು ಸಿಟ್ಟಿತ್ತು. ಈಗ ಬಾಗಿಲು ತೆರೆದಿಟ್ಟು ನನಗೆ ಹೇಳಲಿಲ್ಲವೆಂದು. ತನ್ನ ತಾಯಿಗೆ ಇಲ್ಲ ಎನ್ನುವ ಧೈರ್ಯ ಆ ಮನುಷ್ಯನಿಗೆ ಇರಲಿಲ್ಲ. ಕಳ್ಳನ ಹಾಗೆ ಕೋಣೆ ಸೇರಿ ಮೊಳೆ ಕೊಯ್ದರು, ಅಜ್ಜಿಗೂ ಸಮಾಧಾನ, ಹೆಂಡತಿಗೂ ದಾರಿ, ತಮ್ಮ ಮನಸ್ಸಿಗೂ ನೆಮ್ಮದಿ. ಆ ಲೆಕ್ಕದಲ್ಲಿ ಹಂಡೆಗೆ ಒರಗಿ ಕೂತಿದ್ದ ಹುಡುಗಿ ಎಲ್ಲಿದ್ದಳು? ಒಂದು ಮಧ್ಯಾಹ್ನ ನನ್ನನ್ನು ಕರೆದು, ಮೊಳೆ ಸುಳ್ಳು ಕಣೇ ರುಕ್ಕು, ನಿಮ್ಮಮ್ಮನಿಗೆ ನಾನು ಅಡ್ಡ ನಿಂತಿಲ್ಲ ಎಂದು ಕಿವಿಯಲ್ಲಿ ಹೇಳಿದ್ದರೆ ಸಾಕಿತ್ತು. ಗುಟ್ಟು ಹೊರಗೆ ಬಿಡುತ್ತೇನೆಂಬ ಭಯವೇ? ಇರಲಿ, ಅಜ್ಜಿ ಹೋದ ಮೇಲೆ ಹೇಳಬಹುದಿತ್ತು. ನಾನು ದೊಡ್ಡವಳಾದ ಮೇಲೆ, ಮದುವೆಯಾದ ಮೇಲೆ, ನಾನೇ ಹೆತ್ತ ಮೇಲೆ. ಅನುವನ್ನು ಹೆರಲು ಹೋದ ದಿನ ನನ್ನ ಮನಸ್ಸಿನಲ್ಲಿದ್ದದ್ದು ಆ ಹೊಸ್ತಿಲು. ನಾನು ಸತ್ತರೆ ನನಗೂ ಒಬ್ಬರು ಮೊಳೆ ಚೂಪು ಮಾಡುತ್ತಾರೆ ಎಂದೇ ಲೇಬರ್ ರೂಮಿನ ಸೀಲಿಂಗ್ ನೋಡುತ್ತಾ ಮಲಗಿದ್ದೆ.

ಅವರಿಗೆ ಅವಕಾಶವೂ ಇತ್ತು. ರಿಟೈರಾದ ಮೇಲೆ ಒಂದು ಬೇಸಿಗೆ ನಮ್ಮ ಮನೆಗೆ ಬಂದಿದ್ದರು. ಮಂಡಿನೋವೆಂದು ಚಿಕ್ಕಮ್ಮ ಬರಲಿಲ್ಲ. ಅನು ಆಗ ಸ್ಕೂಲಿಗೆ ಹೋಗುತ್ತಿದ್ದಳು. ಮನೆಯ ಬಾಗಿಲುಗಳ ಕೀಲಿಗೆಲ್ಲ ಎಣ್ಣೆ ಬಿಟ್ಟರು, ಸಡಿಲಾದ ಸ್ಕ್ರೂ ಬಿಗಿ ಮಾಡಿದರು. ಶರ್ಟಿನ ಜೇಬಿನಲ್ಲಿ ಸದಾ ಒಂದು ಹಳೆಯ ನಶ್ಯದ ಡಬ್ಬಿ. ಇವರಿಗೂ ಅಜ್ಜಿಯ ಚಟ ಹತ್ತಿತೇ ಎಂದುಕೊಂಡೆ, ನಶ್ಯ ಹಾಕಿದ್ದನ್ನು ಮಾತ್ರ ನೋಡಲಿಲ್ಲ. ಒಂದು ದಿನ ನಾನು ಅವಲಕ್ಕಿ ಬಸಿಯುತ್ತಿದ್ದಾಗ ಅಡುಗೆಮನೆಗೆ ಬಂದು ನಿಂತರು.

"ರುಕ್ಕು, ಆ ಮನೆ ಹೊಸ್ತಿಲಿನ ವಿಷಯ ಒಂದು..."

"ಅದರ ಮಾತು ಬೇಡ."

"ಆಯ್ತು," ಎಂದು ಹೊರಟುಹೋದರು. ಬೇಡ ಎಂದರೆ ಬಿಟ್ಟುಬಿಡುವುದೇ? ಅಜ್ಜಿ ಒಂದು ಮಾತು ಅಂದರೆ ಆಯ್ತು, ಮಗಳು ಒಂದು ಮಾತು ಅಂದರೆ ಆಯ್ತು. ಮೊಳೆ ಕೊಯ್ಯುವಷ್ಟು ಹಟ ಇದ್ದವರಿಗೆ ಒಂದು ಮಾತನ್ನು ಪೂರ್ತಿ ಆಡುವಷ್ಟು ಹಟ ಇರಲಿಲ್ಲ.

ವಾಪಸು ಹೋಗುವ ದಿನ ಏರ್‌ಪೋರ್ಟಿಗೆ ನಾನೇ ಡ್ರೈವ್ ಮಾಡಿಕೊಂಡು ಹೋದೆ. ಸೆಕ್ಯುರಿಟಿಯ ಹತ್ತಿರ ಬಾಗಿಲಿನಂಥ ಒಂದು ಗೇಟು, ಅದರ ಕೆಳಗೆ ದಾಟಿ ಹೋಗಬೇಕು. ಅವರು ಕಾಲಿಟ್ಟ ತಕ್ಷಣ ಕೂಗಿಕೊಂಡಿತು. ವಾಚು ತೆಗೆದರು, ಜನಿವಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈ ಬಿಚ್ಚಿದರು. ಮತ್ತೆ ಕೂಗಿತು. ಗಾರ್ಡು ಅವರ ಜೇಬಿನಿಂದ ನಶ್ಯದ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ ಟ್ರೇಗೆ ಸುರಿದ. ನಶ್ಯ ಇರಲಿಲ್ಲ. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ, ಒಂದು ತುದಿ ಬಾಗಿ ಇನ್ನೊಂದು ತುದಿ ಸಪಾಟಾಗಿದ್ದ, ಕಪ್ಪು ಕಬ್ಬಿಣದ ಚೂರುಗಳು. ಸಾಲಿನಲ್ಲಿದ್ದವರೆಲ್ಲ ನೋಡುತ್ತಿದ್ದರು. ಈ ವಯಸ್ಸಿನಲ್ಲೂ ಗುಜರಿ ಕೂಡಿಹಾಕುವ ಹುಚ್ಚು ಹೋಗಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

"ವಾಟ್ ಆರ್ ದೀಸ್, ಸರ್?"

"ಓನ್ಲಿ ರಿಮೇನಿಂಗ್ ಪೀಸಸ್," ಎಂದರು ಮೇಷ್ಟರ ಇಂಗ್ಲಿಷಿನಲ್ಲಿ. ಹಾಗೆನ್ನುವಾಗ ಗಾರ್ಡಿನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದರು. ನಾನು ಏನಾದರೂ ಕೇಳಬಹುದೆಂದು ಕಾದ ಹಾಗೆ ನಿಂತರು. ಗಾರ್ಡು ಚೂರುಗಳನ್ನು ಬೆರಳಿನಿಂದ ಒಟ್ಟುಮಾಡಿ ಡಬ್ಬಿಗೆ ಹಾಕಿ, ಟ್ರೇಯನ್ನು ಆಚೆಗೆ ತಳ್ಳಿ, ಬನ್ನಿ ಎಂದು ಕೈ ಮಾಡಿದ. ಆ ಗೇಟಿಗೆ ಹೊಸ್ತಿಲು ಇರಲಿಲ್ಲ, ನುಣ್ಣನೆಯ ನೆಲ. ಆದರೂ ಅಣ್ಣ ಪ್ಯಾಂಟನ್ನು ಮಂಡಿಯ ಹತ್ತಿರ ಸ್ವಲ್ಪ ಎತ್ತಿ ಹಿಡಿದು, ಕಾಲನ್ನು ಎತ್ತರಕ್ಕೆ ಎತ್ತಿ ದಾಟಿದರು. ಗೇಟು ಸದ್ದು ಮಾಡಲಿಲ್ಲ.